ಅಡ್ಡಹೆಸರಿನಲ್ಲಿ ನಾಡನ್ನು ಹೊತ್ತವರು: ಅಮೀರ್‌ಬಾಯಿ ಕರ್ನಾಟಕಿ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಒಬ್ಬ ಸಾಧಕರ ಜೀವನದ ಬಗ್ಗೆ ಬರೆದುಕೊಡಬೇಕೆಂದು ಗುರುಗಳು ಹೇಳಿದರು. ನಾನು ಓದಿದ್ದು ಬಿ.ಇ., ಮಾಡುತ್ತಿರುವುದು ಸಾಫ್ಟ್‌ವೇರ್ ಕೆಲಸ. ಹೀಗಾಗಿ ಯಾರಾದರೂ ವಿಜ್ಞಾನಿಯ ಬಗ್ಗೆ ಬರೆಯುತ್ತೇನೆಂದು ಅವರು ಅಂದುಕೊಂಡಿರಬಹುದು. ವಿಜ್ಞಾನಿಗಳ ಜೀವನ ಪಠ್ಯಪುಸ್ತಕದಲ್ಲಿ ಇದ್ದೇ ಇರುತ್ತದೆ. ನಮ್ಮ ಉತ್ತರ ಕರ್ನಾಟಕದ ಸಣ್ಣ ಊರೊಂದರಲ್ಲಿ ಹುಟ್ಟಿ, ಇಡೀ ದೇಶ ಕೇಳುವಂತೆ ಹಾಡಿದ, ಆದರೆ ಇಂದಿನ ಮಕ್ಕಳಿಗೆ ಹೆಸರೂ ಗೊತ್ತಿಲ್ಲದ ಒಬ್ಬ ಕಲಾವಿದೆಯನ್ನು ನಾನು ಆರಿಸಿಕೊಂಡಿದ್ದೇನೆ. ಅವರೇ ನಟಿ ಮತ್ತು ಗಾಯಕಿ ಅಮೀರ್‌ಬಾಯಿ ಕರ್ನಾಟಕಿ.

ಅಮೀರ್‌ಬಾಯಿ ಹುಟ್ಟಿದ್ದು ಬೀಳಗಿಯಲ್ಲಿ, ಇಪ್ಪತ್ತನೇ ಶತಮಾನದ ಆರಂಭದ ವರ್ಷಗಳಲ್ಲಿ. ಬೀಳಗಿ ಆಗ ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಗೆ ಸೇರಿತ್ತು. ಈಗ ಬಾಗಲಕೋಟೆ ಜಿಲ್ಲೆಯಲ್ಲಿದೆ. ಮುಸ್ಲಿಂ ಕುಟುಂಬ, ಮನೆಮಾತು ಕನ್ನಡ. ಮನೆಯಲ್ಲಿ ಹಾಡು ಮತ್ತು ನಾಟಕದ ನಂಟಿತ್ತು. ಐವರು ಅಕ್ಕತಂಗಿಯರಲ್ಲಿ ಹೆಸರು ಮಾಡಿದವರು ಇಬ್ಬರು, ಅಕ್ಕ ಗೋಹರ್‌ಬಾಯಿ ಮತ್ತು ಅಮೀರ್‌ಬಾಯಿ. ಹೆಣ್ಣುಮಕ್ಕಳು ರಂಗದ ಮೇಲೆ ಬರುವುದನ್ನು ಗೌರವದ ಕೆಲಸವೆಂದು ಸಮಾಜ ನೋಡುತ್ತಿರಲಿಲ್ಲ. ನಾಟಕದಲ್ಲಿ ಹೆಣ್ಣಿನ ಪಾತ್ರಗಳನ್ನು ಗಂಡಸರೇ ಮಾಡುತ್ತಿದ್ದರು. ಅಂಥ ಸ್ತ್ರೀಪಾತ್ರಗಳಿಂದಲೇ ಮರಾಠಿ ರಂಗಭೂಮಿಯನ್ನು ಆಳಿದ ಬಾಲಗಂಧರ್ವರ ಕಂಪನಿಯನ್ನು 1930ರ ದಶಕದ ಕೊನೆಗೆ ಗೋಹರ್‌ಬಾಯಿ ಸೇರಿದರು. ಬಾಲಗಂಧರ್ವರು ಮಾಡುತ್ತಿದ್ದ ಸ್ತ್ರೀಪಾತ್ರಗಳನ್ನೇ ವಹಿಸಿಕೊಂಡು, ಮುಂದೆ ಅವರ ಬಾಳಸಂಗಾತಿಯೂ ಆದರು.

ಅಕ್ಕನ ನೆರವಿನಿಂದ ಅಮೀರ್‌ಬಾಯಿ ಮುಂಬಯಿಯ ಸಿನಿಮಾ ಸೇರಿದರು. 1934ರ 'ವಿಷ್ಣುಭಕ್ತಿ' ಅವರ ಮೊದಲ ಚಿತ್ರಗಳಲ್ಲಿ ಒಂದು. ನಮ್ಮ ದೇಶದ ಸಿನಿಮಾಕ್ಕೆ ಮಾತು ಬಂದು ಆಗ ಮೂರೇ ವರ್ಷವಾಗಿತ್ತು. ಮೊದಮೊದಲು ನಟಿಸುವವರೇ ಹಾಡಬೇಕಿತ್ತು. ಕ್ಯಾಮೆರಾ ಎದುರು ನಟಿ ಹಾಡುತ್ತಿದ್ದರೆ, ಮೈಕು ಮತ್ತು ವಾದ್ಯದವರು ಚೌಕಟ್ಟಿನಲ್ಲಿ ಕಾಣದಂತೆ ಮರದ ಹಿಂದೆಯೋ ಪರದೆಯ ಹಿಂದೆಯೋ ಇರುತ್ತಿದ್ದರು. ಬರೀ ಮುಖ ಚೆನ್ನಾಗಿದ್ದರೆ ಸಾಲದು, ಕಂಠವೂ ಬೇಕು. ಅಮೀರ್‌ಬಾಯಿಗೆ ಕಂಠವಿತ್ತು. ಆದರೂ ಹೆಸರು ಬರಲು ಸುಮಾರು ಹತ್ತು ವರ್ಷ ಹಿಡಿಯಿತು. ಈ ಹತ್ತು ವರ್ಷವನ್ನು ಈಗ ಎಸ್‌ಎಸ್‌ಎಲ್‌ಸಿ ಓದುತ್ತಿರುವ ತಮ್ಮ ತಂಗಿಯರು ಗಮನಿಸಬೇಕು.

ಅಷ್ಟರಲ್ಲಿ ಸಿನಿಮಾ ಹಾಡಿನ ರೀತಿಯೇ ಬದಲಾಯಿತು. ಮೊದಲು ಹಾಡನ್ನು ಮುದ್ರಿಸಿಕೊಂಡು, ಚಿತ್ರೀಕರಣದ ಹೊತ್ತಿಗೆ ಅದನ್ನು ಹಾಕಿ ನಟರು ತುಟಿ ಆಡಿಸುವ ಹಿನ್ನೆಲೆ ಗಾಯನ ಬಂತು. ಅಂದಿನ 78 ಸುತ್ತಿನ ಗ್ರಾಮಫೋನ್ ರೆಕಾರ್ಡಿನ ಒಂದು ಬದಿಯಲ್ಲಿ ಸುಮಾರು ಮೂರು ನಿಮಿಷದ ಹಾಡು ಮಾತ್ರ ಹಿಡಿಯುತ್ತಿತ್ತು. ನಡುವೆ ತಪ್ಪಿದರೆ ಮತ್ತೆ ಮೊದಲಿನಿಂದ ಹಾಡಬೇಕು. ಈಗಿನಂತೆ ಕಂಪ್ಯೂಟರಿನಲ್ಲಿ ಒಂದೊಂದು ಸಾಲನ್ನು ಕತ್ತರಿಸಿ ಜೋಡಿಸುವ, ಸ್ವರ ತಿದ್ದುವ ಅನುಕೂಲ ಇರಲಿಲ್ಲ. ಆ ಹಾಡುಗಳನ್ನು ನಾನು ಹೆಡ್‌ಫೋನ್ ಹಾಕಿಕೊಂಡು ಕೇಳಿದ್ದೇನೆ. ಸರಸರ ಸದ್ದಿನ ನಡುವೆಯೂ ಅವರ ಶಬ್ದಗಳು ಬಿಡಿಬಿಡಿಯಾಗಿ ಸ್ಪಷ್ಟವಾಗಿ ಕೇಳುತ್ತವೆ.

1943ರಲ್ಲಿ ಬಾಂಬೆ ಟಾಕೀಸ್ 'ಕಿಸ್ಮತ್' ಚಿತ್ರವನ್ನು ಹೊರತಂದಿತು. ನಿರ್ದೇಶಕರು ಗ್ಯಾನ್ ಮುಖರ್ಜಿ, ಸಂಗೀತ ಅನಿಲ್ ಬಿಸ್ವಾಸ್, ಹಾಡು ಬರೆದವರು ಕವಿ ಪ್ರದೀಪ್, ನಾಯಕ ಅಶೋಕ್ ಕುಮಾರ್. ನಾಯಕಿ ಮುಮ್ತಾಜ್ ಶಾಂತಿ ಅವರಿಗೆ ದನಿಯಾದವರು ನಮ್ಮ ಅಮೀರ್‌ಬಾಯಿ. ದೀಪಾವಳಿಯ ದಿನ ಒಬ್ಬಳ ಮನೆಯಲ್ಲಿ ಮಾತ್ರ ಕತ್ತಲಿರುವ ಹಾಡು, ಮೋಡಕ್ಕೆ ಮೆಲ್ಲಗೆ ಬಾ ಎನ್ನುವ ಜೋಗುಳದಂಥ ಹಾಡು ಮನೆಮನೆಗೆ ಹೋದವು. ಹಿಂದುಸ್ತಾನ ನಮ್ಮದು, ಹೊರಗಿನವರು ದೂರ ಸರಿಯಿರಿ ಎಂದು ಸಾರುವ ಹಾಡಿನಲ್ಲೂ ಅವರ ದನಿ ಇದೆ. ಕ್ವಿಟ್ ಇಂಡಿಯಾ ಚಳವಳಿ ನಡೆದು ವರ್ಷವೂ ತುಂಬಿರಲಿಲ್ಲ, ನಾಯಕರೆಲ್ಲ ಜೈಲಿನಲ್ಲಿದ್ದರು. ಹಾಡಿನೊಳಗೆ ಜರ್ಮನ್ ಮತ್ತು ಜಪಾನಿನ ಹೆಸರಿದ್ದುದರಿಂದ ಬ್ರಿಟಿಷ್ ಸೆನ್ಸಾರ್ ಅದನ್ನು ಬಿಟ್ಟಿತು. ಕೇಳಿದ ಜನರಿಗೆ ಅದು ಯಾರಿಗೆ ಹೇಳಿದ ಮಾತು ಎಂಬುದು ತಿಳಿಯಿತು. ಕಲ್ಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ಈ ಚಿತ್ರ ಮೂರು ವರ್ಷಕ್ಕೂ ಹೆಚ್ಚು ಕಾಲ ಓಡಿತು.

ಮರುವರ್ಷ 1944ರಲ್ಲಿ ನೌಷಾದ್ ಸಂಗೀತದ 'ರತನ್' ಬಂತು. ಅದರಲ್ಲೂ ಅಮೀರ್‌ಬಾಯಿ ಹಾಡಿದರು. ಅದೇ ವರ್ಷದ 'ಭರ್ತೃಹರಿ' ಚಿತ್ರದಲ್ಲಿ, ಸನ್ಯಾಸಿಯಾದ ರಾಜ ತನ್ನ ರಾಣಿ ಪಿಂಗಳೆಯ ಬಾಗಿಲಲ್ಲೇ ಭಿಕ್ಷೆ ಬೇಡುವ ಹಾಡನ್ನು ಸುರೇಂದ್ರ ಅವರೊಂದಿಗೆ ಹಾಡಿದರು. 1946ರಲ್ಲಿ 'ರಾಣಕದೇವಿ' ಎಂಬ ಗುಜರಾತಿ ಚಿತ್ರಕ್ಕೆ ಅವರು ಹಾಡಿದ ಹಾಡು ಗುಜರಾತಿನ ಹಳ್ಳಿಹಳ್ಳಿಯಲ್ಲಿ ಹಬ್ಬಿತು. ಒಮ್ಮೆಯಾದರೂ ನಮ್ಮ ಹಳ್ಳಿಗೆ ಬಾ ಎಂದು ಕರೆಯುವ ಹಾಡು ಅದು. ಬೀಳಗಿಯ ಹೆಣ್ಣುಮಗಳು ಗುಜರಾತಿಗಳ ಪರವಾಗಿ ಅವರ ಹಳ್ಳಿಗೆ ಜನರನ್ನು ಕರೆದರು, ಗುಜರಾತಿಗಳು ಅವರನ್ನು ತಮ್ಮವರೆಂದೇ ತಿಳಿದರು. ನರಸಿ ಮೆಹ್ತಾ ಅವರ ವೈಷ್ಣವ ಭಜನೆಯನ್ನೂ ಅವರು ಹಾಡಿದ್ದಾರೆ. ಮುಂದೆ 1948ರಲ್ಲಿ 'ಶಹನಾಜ್' ಚಿತ್ರಕ್ಕೆ ತಾವೇ ಸಂಗೀತ ನೀಡಿದರು. ಸರಸ್ವತಿ ದೇವಿ, ಜದ್ದನ್‌ಬಾಯಿ ಅವರಂಥ ಬೆರಳೆಣಿಕೆಯ ಮಹಿಳೆಯರು ಮಾತ್ರ ಅಲ್ಲಿಯವರೆಗೆ ಆ ಕೆಲಸ ಮಾಡಿದ್ದರು.

ಪರದೆಯ ಹಿಂದಿನ ಬದುಕು ಇಷ್ಟು ಸುಗಮವಾಗಿರಲಿಲ್ಲ. ಖಳನಟ ಹಿಮಾಲಯವಾಲಾ ಅವರೊಂದಿಗೆ ಆದ ಮದುವೆ ಅವರಿಗೆ ಸುಖ ಕೊಡಲಿಲ್ಲ, ನೋವು ಕೊಟ್ಟಿತು. ಆ ಸಂಬಂಧದಿಂದ ಬಿಡುಗಡೆ ಪಡೆಯಲು ಅವರು ಬಹಳ ಕಷ್ಟಪಡಬೇಕಾಯಿತು. ದೇಶ ವಿಭಜನೆಯ ನಂತರ ಆ ನಟ ಪಾಕಿಸ್ತಾನಕ್ಕೆ ಹೋದರು, ಅಮೀರ್‌ಬಾಯಿ ಇಲ್ಲಿಯೇ ಉಳಿದರು. ಮುಂದೆ 'ಪಾರಸ್' ಪತ್ರಿಕೆಯ ಸಂಪಾದಕ ಬದ್ರಿ ಕಾಂಚವಾಲಾ ಅವರನ್ನು ಮದುವೆಯಾದರು. ಆ ಸಂಸಾರ ನೆಮ್ಮದಿಯದಾಗಿತ್ತು.

ಅಷ್ಟರಲ್ಲಿ ವೃತ್ತಿಯಲ್ಲಿ ಇನ್ನೊಂದು ತಿರುವು ಬಂತು. 1949ರಲ್ಲಿ 'ಮಹಲ್', 'ಬರಸಾತ್', 'ಅಂದಾಜ್' ಚಿತ್ರಗಳ ಮೂಲಕ ಲತಾ ಮಂಗೇಶ್ಕರ್ ಅವರ ದನಿ ದೇಶವನ್ನು ಆವರಿಸಿತು. ಜನರ ಕಿವಿ ತೆಳುವಾದ, ನಯವಾದ ದನಿಗೆ ಒಗ್ಗಿಕೊಂಡಿತು. ರಂಗಭೂಮಿಯ ಗಟ್ಟಿ ಕಂಠದಲ್ಲಿ ಹಾಡುತ್ತಿದ್ದವರಿಗೆ ಕರೆ ಕಡಿಮೆಯಾಯಿತು. ತಂತ್ರಜ್ಞಾನ ಬದಲಾದಾಗ ಏನಾಗುತ್ತದೆ ಎಂಬುದು ನನ್ನಂಥ ಸಾಫ್ಟ್‌ವೇರ್ ಕೆಲಸಗಾರರಿಗೆ ಚೆನ್ನಾಗಿ ಗೊತ್ತು. ನಿನ್ನೆಯವರೆಗೆ ಬೇಡಿಕೆಯಿದ್ದ ಕೌಶಲ ಇಂದು ಯಾರಿಗೂ ಬೇಡವಾಗುತ್ತದೆ. ಅಮೀರ್‌ಬಾಯಿ ಮನೆಯಲ್ಲಿ ಕೂರಲಿಲ್ಲ. ನಟನೆಗೆ ಮರಳಿದರು, ನಾಯಕಿಯಾಗಿ ಅಲ್ಲ, ಚಿಕ್ಕಪುಟ್ಟ ಪೋಷಕ ಪಾತ್ರಗಳಲ್ಲಿ. ಮುಖವಿಲ್ಲದೆ ದನಿಯಿಂದ ಹೆಸರಾಗಿದ್ದವರು ಮತ್ತೆ ಮುಖದಿಂದ ದುಡಿದರು.

1965ರಲ್ಲಿ ಅವರಿಗೆ ಪಾರ್ಶ್ವವಾಯು ಬಡಿಯಿತು. ಕೆಲವೇ ದಿನಗಳಲ್ಲಿ, ಮಾರ್ಚ್ 3ರಂದು ತೀರಿಕೊಂಡರು. ವಿಜಾಪುರದಲ್ಲಿ ಅವರ ಹೆಸರಿನ ಅಮೀರ್ ಟಾಕೀಸ್ ಇದೆ. ಅಲ್ಲಿ ಸಿನಿಮಾ ನೋಡಿದವರು ಸಾವಿರಾರು ಜನ, ಅಮೀರ್ ಎಂದರೆ ಯಾರು ಎಂದು ಕೇಳಿದವರು ಕಡಿಮೆ. ಈ ಮರೆವನ್ನು ತಡೆಯಲೆಂದೇ ಲೇಖಕ ರಹಮತ್ ತರೀಕೆರೆ ಅವರು ಕನ್ನಡದಲ್ಲಿ ಅಮೀರ್‌ಬಾಯಿ ಅವರ ಜೀವನಚರಿತ್ರೆ ಬರೆದಿದ್ದಾರೆ. ಅದು ನಮ್ಮ ಶಾಲೆಯ ಗ್ರಂಥಾಲಯದಲ್ಲಿ ಇರಬೇಕಾದ ಪುಸ್ತಕ.

ಇನ್ನು ಅವರ ಅಡ್ಡಹೆಸರಿನ ಮಾತು. ನಮ್ಮ ಭಾಗದಲ್ಲಿ ಊರಿನ ಹೆಸರೇ ಅಡ್ಡಹೆಸರಾಗುವುದು ಹೊಸದಲ್ಲ. ಹುಮನಾಬಾದೆ, ಕಲ್ಯಾಣಿ, ಬೀದರಿ ಎಂಬ ಹೆಸರಿನವರು ನಮಗೆಲ್ಲ ಗೊತ್ತು. ಆದರೆ ಈ ಅಕ್ಕತಂಗಿಯರು ಬೀಳಗಿ ಎನ್ನಲಿಲ್ಲ, ಕರ್ನಾಟಕಿ ಎಂದು ಹೇಳಿಕೊಂಡರು. ಅವರು ಪ್ರಸಿದ್ಧರಾದಾಗ ಕರ್ನಾಟಕ ಎಂಬ ರಾಜ್ಯ ಇರಲಿಲ್ಲ. ಬೀಳಗಿ ಮುಂಬಯಿ ಪ್ರಾಂತದಲ್ಲಿತ್ತು, ನಮ್ಮ ಬೀದರ ಜಿಲ್ಲೆ ನಿಜಾಮರ ಆಳ್ವಿಕೆಯಲ್ಲಿತ್ತು. 1956ರ ನವೆಂಬರ್ 1ರಂದು ಎರಡೂ ಮೈಸೂರು ರಾಜ್ಯಕ್ಕೆ ಸೇರಿದವು. ಆ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ, ಅಮೀರ್‌ಬಾಯಿ ತೀರಿಕೊಂಡ ಎಂಟು ವರ್ಷಗಳ ಮೇಲೆ. ಸರ್ಕಾರ ನಾಡಿಗೆ ಆ ಹೆಸರು ಇಡುವ ಮೊದಲೇ, ಗ್ರಾಮಫೋನ್ ರೆಕಾರ್ಡಿನ ಮೇಲೆ ಅದನ್ನು ಅಚ್ಚು ಹಾಕಿಸಿ ಲಾಹೋರಿನಿಂದ ಕಲ್ಕತ್ತೆಯವರೆಗೆ ಕಳಿಸಿದವರಲ್ಲಿ ಈ ಮುಸ್ಲಿಂ ಹೆಣ್ಣುಮಗಳು ಒಬ್ಬರು.

ಘಾಟಬೋರಾಳದ ಮಕ್ಕಳಿಗೆ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಉರ್ದು, ಬಂಧುಗಳ ಮನೆಯಲ್ಲಿ ಮರಾಠಿ ಸಹಜ. ಹೊರಗೆ ಹೋದಾಗ ಕೆಲವರು ನಮ್ಮದು ಹಿಂದುಳಿದ ಜಿಲ್ಲೆ, ನಮ್ಮ ಭಾಷೆ ಕಲಬೆರಕೆ ಎಂದು ಕುಗ್ಗುತ್ತಾರೆ. ಕುಗ್ಗಬೇಕಾಗಿಲ್ಲ. ಬೀಳಗಿಯ ಹುಡುಗಿ ಕನ್ನಡ ಮನೆಮಾತಿಟ್ಟುಕೊಂಡು ಹಿಂದಿ, ಉರ್ದು, ಗುಜರಾತಿಯಲ್ಲಿ ಹಾಡಿದರು. ಹಲವು ಭಾಷೆಯ ನಡುವೆ ಬೆಳೆದ ಕಿವಿ ಅವರ ಬಂಡವಾಳವಾಗಿತ್ತು, ಅದು ನಿಮ್ಮ ಬಳಿಯೂ ಇದೆ. ಹೈದರಾಬಾದಿಗೋ ಪುಣೆಗೋ ಬೆಂಗಳೂರಿಗೋ ಹೊರಡುವ ನನ್ನ ಶಾಲೆಯ ತಮ್ಮ ತಂಗಿಯರೇ, ಯಾವ ಊರು ಎಂದು ಯಾರಾದರೂ ಕೇಳಿದರೆ ಘಾಟಬೋರಾಳ ಎಂದು ಗಟ್ಟಿಯಾಗಿ ಹೇಳಿ. ಅದು ಎಲ್ಲಿದೆ ಎಂದು ಮರುಪ್ರಶ್ನೆ ಬಂದರೆ ಬಿಡಿಸಿ ಹೇಳುವಷ್ಟು ಪುರುಸೊತ್ತು ಇಟ್ಟುಕೊಳ್ಳಿ.