ಲೇಖನಿಯನ್ನು ನಂಬಿ ಬದುಕಿದ ಅ. ನ. ಕೃಷ್ಣರಾಯರು

ಹಾಸನದಿಂದ ಹೊಳೆನರಸೀಪುರದ ಕಡೆಗೆ ಹೊರಟವರಿಗೆ ಮೊಸಳೆ ಎಂಬ ಗ್ರಾಮ ಸಿಗುತ್ತದೆ. ಅಲ್ಲಿ ನಾಗೇಶ್ವರ, ಚೆನ್ನಕೇಶವ ಎಂಬ ಎರಡು ಹೊಯ್ಸಳ ದೇವಾಲಯಗಳು ಅವಳಿ ಮಕ್ಕಳಂತೆ ಅಕ್ಕಪಕ್ಕದಲ್ಲಿ ನಿಂತಿವೆ. ಆ ಕಾಲದಲ್ಲಿ ಕಲ್ಲನ್ನು ಕಡೆದ ಶಿಲ್ಪಿಗೂ ಕಾವ್ಯವನ್ನು ಕಟ್ಟಿದ ಕವಿಗೂ ಅರಮನೆಯ ಆಶ್ರಯವಿದ್ದಿತು. 1209ರಲ್ಲಿ ‘ಯಶೋಧರ ಚರಿತೆ’ಯನ್ನು ರಚಿಸಿದ ಜನ್ನನು ವೀರಬಲ್ಲಾಳನ ಆಸ್ಥಾನದಲ್ಲಿ ಕವಿಚಕ್ರವರ್ತಿ ಎನಿಸಿಕೊಂಡಿದ್ದನು. ಅವನ ಅನ್ನವಸ್ತ್ರಗಳ ಚಿಂತೆ ಅರಸನಿಗೆ ಸೇರಿದುದಾಗಿತ್ತು. ಅರಸರ ಕಾಲ ಮುಗಿದ ಮೇಲೆ ಬರಹಗಾರನನ್ನು ಸಾಕುವವರು ಯಾರು? ಮೊಸಳೆಗೆ ಅಷ್ಟೇನೂ ದೂರವಲ್ಲದ ಅರಕಲಗೂಡಿನ ಹೆಸರನ್ನು ತಮ್ಮ ಹೆಸರಿನ ಮೊದಲ ಅಕ್ಷರದಲ್ಲಿ ಹೊತ್ತಿದ್ದ ಒಬ್ಬ ಕಾದಂಬರಿಕಾರರು ಈ ಪ್ರಶ್ನೆಗೆ ತಮ್ಮ ಇಡೀ ಬದುಕನ್ನೇ ಉತ್ತರವಾಗಿ ಕೊಟ್ಟರು. ಅವರೇ ಅರಕಲಗೂಡು ನರಸಿಂಗರಾವ್ ಕೃಷ್ಣರಾಯರು. ಕನ್ನಡಿಗರೆಲ್ಲರ ಬಾಯಲ್ಲಿ ಅವರು ‘ಅನಕೃ’.

ಕೃಷ್ಣರಾಯರು ಹುಟ್ಟಿದ್ದು 1908ನೆಯ ಇಸವಿ ಮೇ ತಿಂಗಳ 9ರಂದು, ಕೋಲಾರದಲ್ಲಿ. ತಂದೆ ನರಸಿಂಗರಾಯರು, ತಾಯಿ ಅನ್ನಪೂರ್ಣಮ್ಮನವರು. ಮನೆತನದ ಊರಾದ ಅರಕಲಗೂಡು ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ. ಕಾವೇರಿ, ಹೇಮಾವತಿಗಳ ನಡುವಣ ಹಸಿರು ಸೀಮೆ. ಇದೇ ಹೇಮಾವತಿಯ ದಡದ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ನಾಲ್ಕು ವರ್ಷ ಮೊದಲು ಹುಟ್ಟಿ, ತಮ್ಮ ಹಳ್ಳಿಯ ಜೀವನವನ್ನೇ ಬರಹದ ವಸ್ತುವಾಗಿ ಮಾಡಿಕೊಂಡರು. ಅನಕೃ ಹಾಗಲ್ಲ. ಅವರ ಕಾರ್ಯಕ್ಷೇತ್ರ ಬೆಂಗಳೂರು. ಅವರ ಪಾತ್ರಗಳು ಹೆಚ್ಚಾಗಿ ಪಟ್ಟಣದ ಮಧ್ಯಮವರ್ಗದವರು, ಕಲಾವಿದರು, ನಟರು, ಬಡ ಗೃಹಸ್ಥರು.

ಅವರು ಬರೆಯಲು ತೊಡಗಿದ ಕಾಲದ ಸ್ಥಿತಿಯನ್ನು ನಾವು ತಿಳಿದುಕೊಳ್ಳಬೇಕು. ಆಗ ಕನ್ನಡದ ಹೆಸರಾಂತ ಲೇಖಕರಿಗೆಲ್ಲ ಜೀವನಕ್ಕೆ ಬೇರೊಂದು ಆಧಾರವಿದ್ದಿತು. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಮೈಸೂರು ಸರ್ಕಾರದ ಅಧಿಕಾರಿಗಳು; ಕುವೆಂಪು ಅವರು ಕಾಲೇಜಿನ ಅಧ್ಯಾಪಕರು; ಬೇಂದ್ರೆಯವರು ಶಾಲಾ ಶಿಕ್ಷಕರು. ಸಾಹಿತ್ಯವೆಂಬುದು ದುಡಿಮೆಯ ಹೊತ್ತು ಕಳೆದ ಮೇಲೆ ನಡೆಯುವ ವ್ರತದಂತಿತ್ತು. ಅದನ್ನೇ ಕಸುಬಾಗಿ ನಂಬಿ ಸಂಸಾರ ನಡೆಸುತ್ತೇನೆಂದು ಹೊರಟವನನ್ನು ಜನ ಕನಿಕರದಿಂದ ನೋಡುತ್ತಿದ್ದರು. ಉತ್ತರ ಕರ್ನಾಟಕದಲ್ಲಿ ಗಳಗನಾಥರು ಮಾಸ್ತರಿಕೆಯನ್ನು ಬಿಟ್ಟು, ತಾವು ಬರೆದ ಪುಸ್ತಕಗಳ ಗಂಟನ್ನು ತಾವೇ ಹೊತ್ತು, ಊರೂರು ಅಲೆದು ಮಾರಿದ ಕಥೆ ಪ್ರಸಿದ್ಧವಾಗಿದೆ. ಕಾದಂಬರಿ ಓದುವವರನ್ನು ಅವರು ಹಾಗೆ ಮನೆಬಾಗಿಲಿಗೆ ಹೋಗಿ ಹುಡುಕಿದರು. ಅನಕೃ ಆ ದಾರಿಯನ್ನೇ ಹಿಡಿದು, ಇನ್ನೂ ದೂರ ನಡೆದರು.

ಅವರ ಮೊದಲ ಕೃತಿ ‘ಮದುವೆಯೋ ಮನೆಹಾಳೋ’ ಎಂಬ ನಾಟಕ. 1934ರಲ್ಲಿ ‘ಜೀವನಯಾತ್ರೆ’ ಎಂಬ ಕಾದಂಬರಿ ಬಂದಿತು. ಅದಾದ ಮೇಲೆ ಬಂದ ‘ಸಂಧ್ಯಾರಾಗ’ ಅವರ ಹೆಸರನ್ನು ಮನೆಮನೆಗೆ ಮುಟ್ಟಿಸಿತು. ಸಂಗೀತಕ್ಕಾಗಿ ಬದುಕನ್ನೇ ಮುಡಿಪಾಗಿಟ್ಟ ಲಕ್ಷ್ಮಣನೆಂಬ ತರುಣನ ಕಥೆ ಅದು. ಸಂಗೀತವನ್ನು ನಂಬಿದರೆ ಹೊಟ್ಟೆ ತುಂಬೀತೇ ಎಂದು ಕೇಳುತ್ತಿದ್ದ ಸಮಾಜದಲ್ಲಿ ಅಂಥವನೊಬ್ಬನನ್ನು ಕಥಾನಾಯಕನನ್ನಾಗಿ ಮಾಡಿದ್ದು ಆಕಸ್ಮಿಕವಲ್ಲವೆಂದು ತೋರುತ್ತದೆ. ‘ಉದಯರಾಗ’ದಲ್ಲಿ ಚಿತ್ರಕಲಾವಿದ, ‘ನಟಸಾರ್ವಭೌಮ’ದಲ್ಲಿ ರಂಗನಟ. ಮತ್ತೆ ಮತ್ತೆ ಅವರು ಕಲೆಯನ್ನು ನಂಬಿ ಕೆಟ್ಟವರ, ಕೆಟ್ಟರೂ ಸೋಲದವರ ಕಥೆಯನ್ನೇ ಹೇಳಿದರು. ಕಾಲ್ಪನಿಕ ಪಾತ್ರಗಳ ಮರೆಯಲ್ಲಿ ಅವರು ತಮ್ಮ ಆಯ್ಕೆಯನ್ನೇ ಪರೀಕ್ಷಿಸಿ ನೋಡುತ್ತಿದ್ದರು ಎನ್ನಬಹುದು.

ಲೇಖನಿಯನ್ನು ನಂಬಿದವನಿಗೆ ಬಿಡುವೆಂಬುದಿಲ್ಲ. ಒಂದು ಕಾದಂಬರಿಯ ಸಂಭಾವನೆ ಮುಗಿಯುವುದರೊಳಗೆ ಮತ್ತೊಂದು ಹಸ್ತಪ್ರತಿ ಸಿದ್ಧವಾಗಿರಬೇಕು. ಅನಕೃ ಅವರು ನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದರು. ಇವುಗಳ ಜೊತೆಗೆ ಸಣ್ಣ ಕಥೆ, ನಾಟಕ, ಜೀವನಚರಿತ್ರೆ, ಕಲೆಯನ್ನು ಕುರಿತ ಗ್ರಂಥ, ಲೆಕ್ಕವಿಲ್ಲದಷ್ಟು ಮುನ್ನುಡಿಗಳು. ಕನ್ನಡ ಸಾಹಿತ್ಯ ಪರಿಷತ್ತಿನ ‘ಕನ್ನಡ ನುಡಿ’ಯ ಸಂಪಾದಕರಾಗಿದ್ದರು, ‘ಕಥಾಂಜಲಿ’, ‘ವಿಶ್ವವಾಣಿ’ ಪತ್ರಿಕೆಗಳನ್ನೂ ನಡೆಸಿದರು. ವಿಜಯನಗರದ ಇತಿಹಾಸವನ್ನು ಆಧರಿಸಿ ಒಂದು ಕಾದಂಬರಿ ಮಾಲೆಯನ್ನೇ ರಚಿಸಿದರು. ಇಷ್ಟು ಬರೆದವರ ಬರಹವೆಲ್ಲ ಒಂದೇ ತೂಕದ್ದಾಗಿರಲು ಸಾಧ್ಯವಿಲ್ಲ. ಕೆಲವು ಕಾದಂಬರಿಗಳಲ್ಲಿ ಅವಸರದ ಗುರುತು ಕಾಣುತ್ತದೆ; ಪಾತ್ರಗಳು ಮಾತನಾಡಬೇಕಾದಲ್ಲಿ ಭಾಷಣ ಮಾಡುತ್ತವೆ; ಒಮ್ಮೆ ಬಂದ ಸನ್ನಿವೇಶ ಇನ್ನೊಂದರಲ್ಲಿ ತಲೆಹಾಕುತ್ತದೆ. ಮುಂದೆ ನವ್ಯ ಸಾಹಿತ್ಯದ ವಿಮರ್ಶಕರು ಅವರನ್ನು ಜನಪ್ರಿಯ ಲೇಖಕರೆಂದು ಬದಿಗಿಟ್ಟರು. ಆ ಮಾತಿನಲ್ಲಿ ಅರ್ಧ ಸತ್ಯವಿದೆ. ಆದರೆ ಅರಸನಿಲ್ಲದ ಕಾಲದಲ್ಲಿ ಜನಪ್ರಿಯತೆಯೇ ಅವರಿಗೆ ಅನ್ನವಿಕ್ಕುತ್ತಿದ್ದ ಆಸ್ಥಾನವಾಗಿತ್ತೆಂಬುದನ್ನು ಮರೆಯಲಾಗದು.

ಆ ಆಸ್ಥಾನದಲ್ಲಿ ಇದ್ದವರಾರು? ಶಾಲೆಯ ಉಪಾಧ್ಯಾಯರು, ಕಚೇರಿಯ ಗುಮಾಸ್ತರು, ಕಾಲೇಜಿನ ಹುಡುಗರು. ಅವರಿಗಿಂತ ಹೆಚ್ಚಾಗಿ, ಮಧ್ಯಾಹ್ನದ ಮನೆಗೆಲಸ ಮುಗಿಸಿ ಪುಸ್ತಕ ಹಿಡಿಯುತ್ತಿದ್ದ ಗೃಹಿಣಿಯರು. ಪುಸ್ತಕ ಕೊಳ್ಳಲಾರದವರು ವಾಚನಾಲಯದಿಂದ ಕಡ ತಂದು, ಒಬ್ಬರ ಕೈಯಿಂದ ಒಬ್ಬರು ಕಿತ್ತುಕೊಂಡು ಓದುತ್ತಿದ್ದರು. ಕೊನೆಯ ಹಾಳೆ ಹರಿದುಹೋದ ಪ್ರತಿಯನ್ನು ಓದಿ ಕಥೆಯ ಅಂತ್ಯಕ್ಕಾಗಿ ನೆರೆಮನೆಯವರನ್ನು ಕೇಳುವ ಪ್ರಸಂಗಗಳೂ ಆ ಕಾಲದಲ್ಲಿ ಅಪರೂಪವಾಗಿರಲಿಲ್ಲ. ಕನ್ನಡವನ್ನು ಓದಿ ಸಂತೋಷಪಡುವ ಅಭ್ಯಾಸ ಸಾವಿರಾರು ಮಂದಿಗೆ ಬಂದುದು ಹೀಗೆ. ಆಗ ಕನ್ನಡ ನಾಡು ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಎಂದು ಹರಿದು ಹಂಚಿಹೋಗಿದ್ದಿತು. ಗಡಿಗಳು ಒಂದಾಗುವುದಕ್ಕೆ ಮೊದಲೇ ಆ ಎಲ್ಲ ಭಾಗಗಳ ಕನ್ನಡಿಗರು ಒಂದೇ ಕಾದಂಬರಿಯನ್ನು ಓದಿ ಕಣ್ಣೀರಿಟ್ಟರು. 1956ರ ಏಕೀಕರಣಕ್ಕೆ ಇದರಿಂದ ಎಷ್ಟು ಬಲ ಬಂದಿತೆಂದು ಅಳೆಯುವ ಕೋಲಿಲ್ಲ. ಬಲ ಬಂದಿತೆಂಬುದು ಮಾತ್ರ ನಿಜ.

1940ರ ದಶಕದಲ್ಲಿ ಅವರು ಪ್ರಗತಿಶೀಲ ಚಳವಳಿಯ ಮುಂದಾಳಾದರು. ಸಾಹಿತ್ಯ ಜನರ ಹಸಿವನ್ನೂ ನೋವನ್ನೂ ಕಾಣಬೇಕೆಂಬುದು ಆ ಚಳವಳಿಯ ನಿಲುವು. ತ. ರಾ. ಸುಬ್ಬರಾಯರು, ಬಸವರಾಜ ಕಟ್ಟೀಮನಿ, ನಿರಂಜನ, ಚದುರಂಗ ಮೊದಲಾದ ಕಿರಿಯರು ಅದರಲ್ಲಿ ಸೇರಿದರು. ಮುಂದೆ ಐವತ್ತರ ದಶಕದ ಆರಂಭದ ವರ್ಷಗಳಲ್ಲಿ ಅನಕೃ ಅವರ ‘ನಗ್ನಸತ್ಯ’, ‘ಶನಿಸಂತಾನ’, ‘ಸಂಜೆಗತ್ತಲು’ ಕಾದಂಬರಿಗಳು ಹೊರಬಂದಾಗ ದೊಡ್ಡ ಕೋಲಾಹಲವೆದ್ದಿತು. ಬಡತನ ಹಾಗೂ ಸಮಾಜದ ಕ್ರೌರ್ಯಕ್ಕೆ ಸಿಕ್ಕಿ ಮಾನವನ್ನು ಮಾರಿಕೊಳ್ಳಬೇಕಾಗಿ ಬಂದ ಹೆಣ್ಣುಗಳ ಬಾಳನ್ನು ಅವರು ಮುಚ್ಚುಮರೆಯಿಲ್ಲದೆ ಚಿತ್ರಿಸಿದ್ದರು. ಇದು ಅಶ್ಲೀಲವೆಂದು ಹಲವರು ಕೂಗಿದರು. ಓದುಗರನ್ನೇ ನಂಬಿದ ಲೇಖಕನಿಗೆ ಇಂತಹ ಸಂದರ್ಭ ಬಹಳ ಅಪಾಯದ್ದು. ಓದುಗರು ಮುನಿದು ಕೈಬಿಟ್ಟರೆ ಅವನಿಗೆ ಮರಳಿ ಹೋಗಲು ಹುದ್ದೆಯಿಲ್ಲ, ಬರುವ ತಿಂಗಳ ಸಂಬಳವಿಲ್ಲ. ಹೀಗಿದ್ದೂ ಅನಕೃ ಹಿಂಜರಿಯಲಿಲ್ಲ, ಕ್ಷಮೆ ಬೇಡಲಿಲ್ಲ. ಆಕ್ಷೇಪಗಳಿಗೆ ಉತ್ತರವಾಗಿ ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಎಂಬ ಗ್ರಂಥವನ್ನೇ ಬರೆದು, ಹಿಂದಿನ ಸಾಹಿತ್ಯದ ಆಧಾರ ಕೊಟ್ಟು ವಾದಿಸಿದರು. ಆ ಕಾದಂಬರಿಗಳ ಕಲಾಮೌಲ್ಯವನ್ನು ಕುರಿತು ಇಂದಿಗೂ ಭಿನ್ನಾಭಿಪ್ರಾಯವಿರಬಹುದು. ಲೇಖಕರ ಎದೆಗಾರಿಕೆಯನ್ನು ಕುರಿತು ಎರಡು ಮಾತಿಲ್ಲ.

ಅವರ ಧೈರ್ಯ ಪುಸ್ತಕಕ್ಕಷ್ಟೇ ಸೀಮಿತವಾಗಿರಲಿಲ್ಲ. ಅವರು ಉತ್ತಮ ವಾಗ್ಮಿಗಳು. 1960ರ ದಶಕದಲ್ಲಿ, ಬೆಂಗಳೂರಿನಲ್ಲಿಯೇ ಕನ್ನಡಕ್ಕೂ ಕನ್ನಡ ಕಲಾವಿದರಿಗೂ ತಕ್ಕ ಸ್ಥಾನವಿಲ್ಲವೆಂದು ಕಂಡಾಗ ಅವರು ಬರೆಯುವ ಮೇಜನ್ನು ಬಿಟ್ಟು ಬೀದಿಗಿಳಿದು ಹೋರಾಡಿದರು. ಪತ್ತೇದಾರಿ ಕಾದಂಬರಿಗಳಿಂದ ಹೆಸರಾಗಿದ್ದ ಮ. ರಾಮಮೂರ್ತಿಯವರೂ ಆ ಹೋರಾಟದ ಮುಂದಾಳುಗಳಲ್ಲಿ ಒಬ್ಬರಾಗಿದ್ದರು. ಜನರಿಗಾಗಿ ಬರೆಯುವವರೇ ಜನರ ಚಳವಳಿಗೆ ನಾಯಕರಾದುದು ಸಹಜವೇ ಆಗಿದೆ.

1960ರಲ್ಲಿ ಮಣಿಪಾಲದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ವಿಶ್ವವಿದ್ಯಾಲಯದ ಪೀಠವಾಗಲಿ ಸರ್ಕಾರದ ಅಧಿಕಾರವಾಗಲಿ ಅವರ ಬೆನ್ನಿಗಿರಲಿಲ್ಲ. ಜನರು ಅವರಿಗೆ ‘ಕಾದಂಬರಿ ಸಾರ್ವಭೌಮ’ ಎಂಬ ಬಿರುದು ಕೊಟ್ಟರು. ‘ಸಂಧ್ಯಾರಾಗ’ವು 1966ರಲ್ಲಿ ಚಲನಚಿತ್ರವಾಗಿ, ಅದರಲ್ಲಿ ರಾಜಕುಮಾರರು ನಟಿಸಿದರು, ಬಾಲಮುರಳೀಕೃಷ್ಣ, ಭೀಮಸೇನ ಜೋಶಿಯವರಂತಹ ಮಹಾಗಾಯಕರು ಹಾಡಿದರು. ಪುಸ್ತಕ ಓದಲು ಬಾರದವರಿಗೂ ಲಕ್ಷ್ಮಣನ ಪರಿಚಯವಾಯಿತು.

ಅನಕೃ ತಮ್ಮ ಆತ್ಮಕಥೆಗೆ ‘ಬರಹಗಾರನ ಬದುಕು’ ಎಂದು ಹೆಸರಿಟ್ಟರು. ಕೈಬರಹದ ಪ್ರತಿ ಅಚ್ಚುಮನೆಗೆ ಹೋಗಿ, ಪುಸ್ತಕವಾಗಿ ಓದುಗರ ಕೈ ಸೇರಿ, ಅದರಿಂದ ಬಂದ ಹಣದಲ್ಲಿ ಮನೆಯ ಒಲೆ ಉರಿಯಬೇಕಾದ ಬಾಳು ಎಂಥದೆಂದು ತಿಳಿಯಬಯಸುವವರಿಗೆ ಆ ಹೆಸರೇ ಸಾಕಷ್ಟು ಹೇಳುತ್ತದೆ. 1971ನೆಯ ಜುಲೈ 8ರಂದು, ಅರವತ್ತಮೂರನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಮೈಸೂರು ರಾಜ್ಯದಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಕಾನೂನು 1965ರಲ್ಲಿ ಆಗಿದ್ದಿತು. ಅದರ ಆಧಾರದಿಂದ ಜಿಲ್ಲೆಜಿಲ್ಲೆಗಳಲ್ಲಿ ತೆರೆದ ಗ್ರಂಥಾಲಯಗಳ ಕಪಾಟುಗಳಲ್ಲಿ ಅವರ ಕಾದಂಬರಿಗಳು, ಹೊದಿಕೆ ಸವೆದು ಮತ್ತೆ ಮತ್ತೆ ರಟ್ಟು ಕಟ್ಟಿಸಿಕೊಂಡು, ಮುಂದಿನ ತಲೆಮಾರಿನ ಓದುಗರ ಕೈಗೆ ಬಂದವು.