ಲೆಕ್ಕ ಇಟ್ಟ ಹೆಣ್ಣುಮಗಳು ಐಡಾ ವೆಲ್ಸ್

ಪತ್ರಕರ್ತರಿಗೆ ಧೈರ್ಯ ಬೇಕು ಅಂತ ಎಲ್ಲರೂ ಹೇಳ್ತಾರೆ. ಐಡಾ ಬಿ. ವೆಲ್ಸ್‌ಗೆ ಅದು ಬೇಕಾದಷ್ಟಿತ್ತು. ಆದರೆ ನನ್ನನ್ನು ಕಾಡಿದ್ದು ಅವರು ಇಟ್ಟ ಲೆಕ್ಕ.

1862ರಲ್ಲಿ ಅಮೆರಿಕದ ಮಿಸಿಸಿಪ್ಪಿಯಲ್ಲಿ ಗುಲಾಮರ ಮಗಳಾಗಿ ಹುಟ್ಟಿದರು. ಹದಿನಾರಕ್ಕೇ ಹಳದಿ ಜ್ವರದಲ್ಲಿ ಅಪ್ಪ-ಅಮ್ಮ ಹೋದರು. ಟೀಚರಾಗಿ ದುಡಿದು ತಮ್ಮ-ತಂಗಿಯರನ್ನು ಸಾಕಿದರು. ರೈಲಿನ ಮಹಿಳೆಯರ ಬೋಗಿಯಿಂದ ಎಳೆದು ಹಾಕಿದಾಗ ಕೇಸು ಹಾಕಿ 500 ಡಾಲರ್ ಪರಿಹಾರ ಗೆದ್ದರು. 1887ರಲ್ಲಿ ಟೆನೆಸ್ಸಿಯ ಸುಪ್ರೀಂ ಕೋರ್ಟ್ ಆ ತೀರ್ಪನ್ನೂ ರದ್ದು ಮಾಡಿತು.

ಬದುಕು ತಿರುಗಿದ್ದು 1892ರ ಮಾರ್ಚ್‌ನಲ್ಲಿ. ಮೆಂಫಿಸ್‌ನಲ್ಲಿ ಗೆಳೆಯ ಥಾಮಸ್ ಮಾಸ್ ಮತ್ತು ಜೊತೆಗಾರರ ದಿನಸಿ ಅಂಗಡಿ ಚೆನ್ನಾಗಿ ನಡೀತಿತ್ತು. ಪಕ್ಕದ ಬಿಳಿಯ ವ್ಯಾಪಾರಿಗೆ ಅದು ಸಹಿಸಲಿಲ್ಲ. ಜಗಳವಾಯಿತು, ಜೈಲಾಯಿತು. ಒಂದು ರಾತ್ರಿ ಗುಂಪೊಂದು ಮಾಸ್ ಸೇರಿ ಮೂವರನ್ನು ಜೈಲಿನಿಂದಲೇ ಎಳೆದೊಯ್ದು ಗುಂಡಿಟ್ಟು ಕೊಂದಿತು.

ಅಲ್ಲಿವರೆಗೆ ಐಡಾ ಕೂಡ ಎಲ್ಲರಂತೆ, ಇಂಥ ಕೊಲೆಗಳು ತಪ್ಪೇ ಆದರೂ ಅತ್ಯಾಚಾರದ ಸಿಟ್ಟಿಗೆ ನಡೆಯುತ್ತವೆ ಅಂದುಕೊಂಡಿದ್ದರು. ಇದನ್ನು ಅವರೇ ಒಪ್ಪಿಕೊಂಡಿದ್ದಾರೆ. ನನಗೆ ತುಂಬಾ ಇಷ್ಟವಾದದ್ದು ಇದೇ. ಮಾಸ್ ಮೇಲೆ ಆ ಆರೋಪವೇ ಇರಲಿಲ್ಲವಲ್ಲ! ಹಾಗಾದರೆ ಉಳಿದವರು?

ಹುಡುಕಲು ಹೊರಟರು. ಊರೂರಿಗೆ ಹೋಗಿ ವಿಚಾರಿಸಿದರು. ಬಿಳಿಯರದ್ದೇ ಪತ್ರಿಕೆ ಚಿಕಾಗೋ ಟ್ರಿಬ್ಯೂನ್‌ನ ಅಂಕಿಗಳನ್ನೇ ತೆಗೆದುಕೊಂಡರು, ಉತ್ಪ್ರೇಕ್ಷೆ ಅಂತ ಯಾರೂ ತಳ್ಳಿಹಾಕದ ಹಾಗೆ. ಎಂಟು ವರ್ಷದಲ್ಲಿ 728 ಕೊಲೆ. ಅತ್ಯಾಚಾರದ ಆರೋಪ ಇದ್ದದ್ದು ಮೂರನೇ ಒಂದು ಪಾಲಿಗೆ ಮಾತ್ರ. ಅದೂ ಬರೀ ಆರೋಪ, ಸಾಬೀತಾದದ್ದಲ್ಲ.

ಈ ಸತ್ಯವನ್ನು ತಮ್ಮ 'ಫ್ರೀ ಸ್ಪೀಚ್' ಪತ್ರಿಕೆಯಲ್ಲಿ ಬರೆದ ಮೇಲೆ, ಅವರು ಊರಲ್ಲಿಲ್ಲದಾಗ ಕಚೇರಿ ಧ್ವಂಸವಾಯಿತು. ವಾಪಸ್ ಬಂದರೆ ಕೊಲ್ತೀವಿ ಅಂದರು. ನ್ಯೂಯಾರ್ಕ್‌ನಿಂದ ಬರೆದರು, ಬ್ರಿಟನ್‌ಗೆ ಎರಡು ಸಲ ಹೋಗಿ ಭಾಷಣ ಮಾಡಿದರು, ಚಿಕಾಗೋದಲ್ಲಿ ನೆಲೆಸಿದರು. ತಮ್ಮವರ ಜೊತೆಗೂ ಜಗಳ ಇದ್ದೇ ಇತ್ತು. 1913ರಲ್ಲಿ ಮಹಿಳಾ ಮತದಾನದ ಮೆರವಣಿಗೆಯಲ್ಲಿ ಕರಿಯರು ಹಿಂದೆ ನಡೀಬೇಕು ಅಂದಾಗ ಒಪ್ಪದೆ, ಜನರ ನಡುವಿನಿಂದ ಬಂದು ಇಲಿನಾಯ್ ತಂಡವನ್ನೇ ಸೇರಿಕೊಂಡರು.

1931ರಲ್ಲಿ ತೀರಿಕೊಂಡರು. ಪುಲಿಟ್ಜರ್ ಗೌರವ ಬಂದದ್ದು 2020ರಲ್ಲಿ. ಲಿಂಚಿಂಗ್ ತಡೆಯುವ ಮೊದಲ ಮಸೂದೆ ಅಮೆರಿಕದ ಸಂಸತ್ತಿಗೆ ಬಂದದ್ದು 1900ರಲ್ಲಿ, ಅಂಥ ಕಾನೂನು ಕೊನೆಗೂ ಆದದ್ದು 2022ರಲ್ಲಿ. ಸಹಿಯ ದಿನ ಶ್ವೇತಭವನದಲ್ಲಿ ಮಾತಾಡಿದವರಲ್ಲಿ ಐಡಾರ ಮರಿಮೊಮ್ಮಗಳು ಮಿಶೆಲ್ ಡಸ್ಟರ್ ಕೂಡ ಇದ್ದರು.