ಹೆಸರಿನಿಂದ ಬಿದ್ದುಹೋದ ಒಂದಕ್ಷರ

ನಾವಿರುವುದು ಪುಣೆಯಲ್ಲಿ. ಎರಡನೇ ಕ್ಲಾಸಿನ ಮಗಳು ಈಚೆಗೆ ಒಂದು ದಿನ, ಸ್ಕೂಲ್ ಗೇಟಿನ ಹತ್ತಿರ ತನ್ನ ಜತೆ ಕನ್ನಡ ಮಾತಾಡಬೇಡ ಎಂದಳು. ಆಗ ನನಗೆ ನೆನಪಾದವರು ನ್ಯೂಯಾರ್ಕಿನ ಮೇಷ್ಟ್ರು ಲಿಯೊನಾರ್ಡ್ ಕೊವೆಲ್ಲೊ. ಅಮೆರಿಕದ ಸರ್ಕಾರಿ ಶಾಲೆಗಳಲ್ಲಿ ವಲಸಿಗರ ಭಾಷೆಗೆ ಜಾಗ ಕೊಡಿಸಿದವರ ಪೈಕಿ ಅವರದು ದೊಡ್ಡ ಹೆಸರು.

ಕೊವೆಲ್ಲೊ ಹುಟ್ಟಿದ್ದು 1887ರಲ್ಲಿ, ದಕ್ಷಿಣ ಇಟಲಿಯ ಅವಿಲ್ಯಾನೊ ಎಂಬ ಬೆಟ್ಟದೂರಿನಲ್ಲಿ. ತಂದೆ ದುಡಿಮೆಗಾಗಿ ಮೊದಲೇ ನ್ಯೂಯಾರ್ಕ್ ಸೇರಿದ್ದರು. 1896ರಲ್ಲಿ ತಾಯಿ, ತಮ್ಮಂದಿರ ಜತೆ ಹುಡುಗನೂ ಅಲ್ಲಿನ ಈಸ್ಟ್ ಹಾರ್ಲೆಮ್‌ಗೆ ಬಂದ. ಶಾಲೆಯಲ್ಲಿ ಪಾಠ, ಹಾಡು ಎಲ್ಲ ಇಂಗ್ಲಿಷ್. ಇಟಲಿಯ ಸುದ್ದಿಯೇ ಇಲ್ಲ. ಮನೆತನದ ಹೆಸರು ಕೊವಿಯೆಲ್ಲೊ. ಟೀಚರ್ ಅದರಲ್ಲಿದ್ದ 'ಐ' ಅಕ್ಷರ ತೆಗೆದು ಕೊವೆಲ್ಲೊ ಮಾಡಿದರು. ರಿಪೋರ್ಟ್ ಕಾರ್ಡ್ ನೋಡಿದ ತಂದೆ ನೊಂದುಕೊಂಡರು. ಮಗನಿಗೆ ಅದೇನೂ ದೊಡ್ಡದೆನಿಸಲಿಲ್ಲ. ಮನೆಯ ಭಾಷೆ ಕೀಳು ಎಂದು ಶಾಲೆ ಬಾಯಿಬಿಟ್ಟು ಹೇಳಬೇಕಿರಲಿಲ್ಲ, ಮಕ್ಕಳೇ ಹಾಗೆ ತಿಳಿದುಕೊಂಡರು. ಅಪ್ಪ ಅಮ್ಮ ಶಾಲೆಯ ಕಡೆ ಬಂದರೆ ನಾಚಿಕೆಪಟ್ಟರು.

ತಾಯಿಯ ಕಾಯಿಲೆ, ಮನೆಯ ಕಷ್ಟದಿಂದ ಕೊವೆಲ್ಲೊ ಒಂದು ವರ್ಷ ಹೈಸ್ಕೂಲು ಬಿಟ್ಟು ದುಡಿದರು. ಯಾಕೆ ಬಿಟ್ಟೆ ಎಂದು ಶಾಲೆಯಲ್ಲಿ ಯಾರೂ ಕೇಳಲಿಲ್ಲ. ಈ ಮಾತು ಅವರ ಮನಸ್ಸಿನಲ್ಲಿ ಉಳಿಯಿತು. ಮತ್ತೆ ಓದಿಗೆ ಮರಳಿ, ಸ್ಕಾಲರ್‌ಶಿಪ್ ಪಡೆದು, 1911ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಪದವೀಧರರಾದರು.

ಡೆವಿಟ್ ಕ್ಲಿಂಟನ್ ಹೈಸ್ಕೂಲಿನಲ್ಲಿ ಫ್ರೆಂಚ್ ಮೇಷ್ಟ್ರಾಗಿದ್ದ ಅವರು ಅಲ್ಲಿ ಇಟಾಲಿಯನ್ ಪಾಠ ಆರಂಭಿಸಿದರು. ಇದಕ್ಕೆ ಹಲವು ಹೆತ್ತವರೇ ಹಿಂಜರಿದರು. ಮಕ್ಕಳು ಇಂಗ್ಲಿಷ್ ಕಲಿತು ಮೇಲೆ ಬರಲಿ ಎಂಬುದು ಅವರ ಆಸೆ. ಕೊವೆಲ್ಲೊ ಮತ್ತು ಸಂಗಡಿಗರು ಅಂಥವರನ್ನು ಕಂಡು ಒಪ್ಪಿಸಿದರು. ಕೊನೆಗೆ 1922ರಲ್ಲಿ ನಗರದ ಶಿಕ್ಷಣ ಮಂಡಳಿ ಇಟಾಲಿಯನ್ನಿಗೆ ಫ್ರೆಂಚ್, ಸ್ಪ್ಯಾನಿಷ್‌ಗಳ ಸಮಾನ ಸ್ಥಾನ ಕೊಟ್ಟಿತು.

1934ರಲ್ಲಿ ಈಸ್ಟ್ ಹಾರ್ಲೆಮ್‌ನಲ್ಲೇ ಬೆಂಜಮಿನ್ ಫ್ರಾಂಕ್ಲಿನ್ ಹೈಸ್ಕೂಲು ಶುರುವಾಯಿತು. ಕೊವೆಲ್ಲೊ ಅದರ ಪ್ರಿನ್ಸಿಪಾಲರಾದರು. ಇಟಲಿ, ಪೋರ್ಟೊರಿಕೊ ಮೂಲದವರು, ಕಪ್ಪುಜನರು, ಯಹೂದಿಗಳು, ಹೀಗೆ ಎಲ್ಲ ಮನೆಗಳ ಹುಡುಗರು ಅಲ್ಲಿದ್ದರು. ಸಂಜೆ ಅದೇ ಕಟ್ಟಡದಲ್ಲಿ ದೊಡ್ಡವರು ಇಂಗ್ಲಿಷ್ ಕಲಿತರು. ಇಟಲಿಯ ತಾಯಂದಿರು ಬಂದರೆ ಪ್ರಿನ್ಸಿಪಾಲರು ಅವರದೇ ಭಾಷೆಯಲ್ಲಿ ಮಾತಾಡುತ್ತಿದ್ದರು. ಹಾಗೆಂದು ಎಲ್ಲವೂ ಸುಸೂತ್ರವಾಗಿರಲಿಲ್ಲ. 1945ರಲ್ಲಿ ಬಿಳಿಯ ಮತ್ತು ಕಪ್ಪು ಹುಡುಗರ ನಡುವೆ ಹೊಡೆದಾಟವಾಗಿ ಶಾಲೆ ಪತ್ರಿಕೆಗಳ ಬಾಯಿಗೆ ಬಿತ್ತು. ಇಟಲಿ ಮೂಲದವರೇ ಆದ ಗಾಯಕ ಫ್ರಾಂಕ್ ಸಿನಾತ್ರಾ ಬಂದು ಹುಡುಗರಿಗೆ ಬುದ್ಧಿ ಹೇಳಿದರು. ಕೊವೆಲ್ಲೊ ಕೆಲಸ ಬಿಡಲಿಲ್ಲ.

1956ರಲ್ಲಿ ನಿವೃತ್ತರಾದ ಮೇಲೆ ಪೋರ್ಟೊರಿಕೊ ವಲಸಿಗರ ಶಿಕ್ಷಣಕ್ಕಾಗಿ ದುಡಿದರು. ಮುಪ್ಪಿನಲ್ಲಿ ಇಟಲಿಗೆ ಮರಳಿ, 1982ರಲ್ಲಿ ಸಿಸಿಲಿಯಲ್ಲಿ ತೀರಿಕೊಂಡರು. ಬಿದ್ದುಹೋದ ಆ ಅಕ್ಷರ ಮಾತ್ರ ಅವರ ಹೆಸರಿಗೆ ಮರಳಲಿಲ್ಲ.

ಮಗಳ ಶಾಲೆಯಲ್ಲಿ ಬರುವ ಶನಿವಾರ ಪೇರೆಂಟ್ಸ್ ಮೀಟಿಂಗ್. ಊರಿಂದ ಬಂದಿರುವ ಅಮ್ಮನನ್ನೂ ಕರೆದುಕೊಂಡು ಹೋಗುತ್ತೇನೆ. ಅವಳಿಗೆ ಕನ್ನಡ ಬಿಟ್ಟು ಬೇರೆ ಬಾರದು.